ಎಲ್ಲರೂ ಬೈದ ಹಾಡಿನ ಚಿತ್ರ: ನೋಡಿದವರು ಸ್ವಲ್ಪ ಹೇಳ್ರಿ

ಕಲಬುರಗಿ, ಜೇವರ್ಗಿ ರಸ್ತೆಯಿಂದ ಕೇಳಿದ್ದು:
ನಮ್ಮ ಅಕ್ಕನ ಮಗಳು ಇಲ್ಲೇ ಡಿಗ್ರಿ ಓದ್ತಾಳ, ಸಂಗೀತನೂ ಕಲೀತಾಳ. ಸೂಟಿಯಾಗ ಆಕಿ ಗೆಳತ್ಯಾರೆಲ್ಲ ನಮ್ಮ ಮನಿಗಿ ಬಂದು ‘ಫ್ರಮ್ ಜಸ್ಟಿನ್ ಟು ಕೆಲ್ಲಿ’ ನೋಡೋರಿದ್ದಾರ. ಅಮೆರಿಕದ ಹಳೀ ಚಿತ್ರ, ಟಿವಿ ಸ್ಪರ್ಧೆಯಾಗ ಹೆಸರು ಮಾಡಿದ ಹಾಡುಗಾರರೇ ನಾಯಕ-ನಾಯಕಿ. ಎಲ್ಲಿ ಓದಿದರೂ ಬೈದೇ ಬರದಾರ. ನೋಡಿದವರಿದ್ರ ಹೇಳ್ರಿ, ಹಚ್ಚಲೋ ಬ್ಯಾಡೋ? ಮನಿಯಾಗ ನಮ್ಮ ಅತ್ತೆಯವರೂ ಇರ್ತಾರ.

ಕಲಬುರಗಿ, ಬ್ರಹ್ಮಪುರದಿಂದ:
ಹಚ್ರಿ ಅಕ್ಕಾರ. ಆದ್ರ ಗೇಲಿ ಮಾಡಲಿಕ್ಕಂತ ಹಚ್ಚಬ್ಯಾಡ್ರಿ. ಹಂಗ ಕುಂತ್ರ ಕಾಲು ತಾಸು ನಗಿ ಬರ್ತದ, ಆಮ್ಯಾಲ ಎಲ್ಲರ ಕೈಯಾಗ ಮೊಬೈಲ್. ದನಿ ಕೇಳಲಿಕ್ಕ ಕುಂದರ್ರಿ. ಸಂಗೀತ ಕಲಿಯೋ ಹುಡುಗಿಗಿ ಇದರಾಗ ಭಾಳ ಅದ.

ಮೊದಲು ಹಿಂದಿನ ಕಥಿ ಹೇಳ್ರಿ. 2002ರ ಸೆಪ್ಟೆಂಬರದಾಗ ‘ಅಮೆರಿಕನ್ ಐಡಲ್’ ಅನ್ನೋ ಟಿವಿ ಹಾಡಿನ ಸ್ಪರ್ಧೆಯ ಮೊದಲ ಸೀಸನ್ ಮುಗೀತು. ಕೆಲ್ಲಿ ಕ್ಲಾರ್ಕ್‌ಸನ್ ಗೆದ್ದಳು, ಜಸ್ಟಿನ್ ಗ್ವಾರಿನಿ ಎರಡನೇದವ. 2003ರ ಜೂನ್ 20ಕ್ಕ ಚಿತ್ರ ಥಿಯೇಟರಿಗಿ ಬಂತು. ವರ್ಷ ತುಂಬೋದರೊಳಗ ಕಥಿ, ಹಾಡು, ಶೂಟಿಂಗ್ ಎಲ್ಲಾ ಮುಗಿಸ್ಯಾರ. ಬರದಾಂವ ಕಿಮ್ ಫುಲ್ಲರ್, ಸ್ಪರ್ಧೆ ಹುಟ್ಟಿಸಿದ ಸೈಮನ್ ಫುಲ್ಲರನ ಅಣ್ಣ. ಸ್ಕ್ರಿಪ್ಟ್ ಓದಿದಾಗಲೇ ಇದು ಕೆಡ್ತದಂತ ಗೊತ್ತಾಗಿತ್ತು, ಗೆದ್ದಾಗ ಸಹಿ ಹಾಕಿದ ಕರಾರಿನಿಂದ ಬಿಡಿಸಿಕೊಳ್ಳಲಿಕ್ಕ ಆಗಲಿಲ್ಲ ಅಂತ ಕೆಲ್ಲಿ ಆಮ್ಯಾಲ ತಾನೇ ಹೇಳ್ಯಾಳ. 1.2 ಕೋಟಿ ಡಾಲರ್ ಹಾಕಿದ ಚಿತ್ರಕ್ಕ ಅಮೆರಿಕದಾಗ 50 ಲಕ್ಷನೂ ಹುಟ್ಟಲಿಲ್ಲ. ಇಷ್ಟು ಗೊತ್ತಿದ್ದು ನೋಡಿದ್ರ ಆ ಹುಡುಗಿ ಮ್ಯಾಲೆ ನಗಲಿಕ್ಕ ಮನಸ್ಸು ಬರಂಗಿಲ್ಲ.

ಕಥಿ ಅಂದ್ರ, ರಜಾಕ್ಕ ಮಿಯಾಮಿ ಬೀಚಿಗಿ ಹೋದ ಹುಡುಗ-ಹುಡುಗಿ. ಗೆಳತಿಯೊಬ್ಬಾಕಿ ಕೆಲ್ಲಿ ನಂಬರ್ ಅಂತ ಹೇಳಿ ತನ್ನ ನಂಬರ್ ಕೊಟ್ಟುಬಿಡ್ತಾಳ. ಎದುರಾಎದುರು ನಿಂತು ಒಂದು ಮಾತು ಆಡಿದ್ರ ಮುಗಿಯೋ ಗೊಂದಲ, ಅದರ ಮ್ಯಾಲೇ ಚಿತ್ರ ನಿಂತದ. ಹಾಡುಗಳು ಅದಕ್ಕ ಆಸರಾ ಕೊಡಂಗಿಲ್ಲ. ಶರಣಬಸವೇಶ್ವರ ಜಾತ್ರಿಗಿ ಬರೋ ನಾಟಕ ಕಂಪನಿ ನೋಡಿದವರಿಗಿ ಮಾತಿನ ನಡುವ ಹಾಡು ಬರೋದು ಹೊಸದಲ್ಲ. ಅಲ್ಲಿ ಹಾಡು ಎತ್ತಿದ್ರ ಪಾತ್ರದ ಸಿಟ್ಟೋ ಸಂಕಟನೋ ಮತ್ತಷ್ಟು ಏರ್ತದ. ಇಲ್ಲಿ ಹಾಡು ಮುಗಿದ ಮ್ಯಾಲೂ ಇಬ್ಬರೂ ಮೊದಲು ನಿಂತಲ್ಲೇ ನಿಂತಿರ್ತಾರ. ಚಿತ್ರ ಸೋತದ್ದು ಇಲ್ಲಿ. ಹಾಡುಗಾರರು ಸೋತಿಲ್ಲ.

ಹುಡುಗಿಗಿ ಒಂದು ಕೆಲಸ ಹಚ್ರಿ. ಇಬ್ಬರೂ ಕೂಡಿ ಹಾಡೋ ‘ಟೈಮ್‌ಲೆಸ್’ ಬಂದಾಗ ತುಟಿ ನೋಡೋದು ಬಿಟ್ಟು ಕುತ್ತಿಗಿ, ಎದಿ ನೋಡು, ಉಸಿರು ಎಲ್ಲಿ ತಗೊಂಡ್ರು ಹೇಳು ಅನ್ರಿ. ಮೊದಲೇ ರೆಕಾರ್ಡ್ ಆದ ಹಾಡು ಅದು. ಬಯಲಾಗ ನಿಂತು ಹಾಡಿದ್ರೂ ದನಿಯೊಳಗ ಸ್ಟುಡಿಯೋದ ಗೋಡಿ ಕೇಳಸ್ತದ. ಆದ್ರೂ ಕೆಲ್ಲಿ ಮ್ಯಾಲಿನ ಸ್ವರಕ್ಕ ಹೋದಾಗ ದನಿ ತೆಳ್ಳಗ ಆಗಂಗಿಲ್ಲ, ಇನ್ನಷ್ಟು ಅಗಲ ಆಗ್ತದ. ಅದನ್ನ ಕೇಳಿಸಿಕೊಂಡ್ರ ಸಂಜಿ ವಸೂಲಾಯ್ತು.

ಚಿತ್ರಕ್ಕಿಂತ ಮೊದಲು ಸ್ಪರ್ಧೆಯ ಫೈನಲ್‌ನಾಗ ಆಕಿ ಹಾಡಿದ ‘ಎ ಮೊಮೆಂಟ್ ಲೈಕ್ ದಿಸ್’ ಹಚ್ರಿ. ಗೆದ್ದ ಮ್ಯಾಲೆ ಅಳು ಒತ್ತಿಕೊಂಡು ಬಂದು ದನಿ ಒಡೀತದ. ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಾಗ 52ರಿಂದ ಒಮ್ಮಿಗೇ 1ಕ್ಕ ಹಾರಿದ ಹಾಡು. ಚಿತ್ರ ಮುಗಿದ ಮ್ಯಾಲೆ ‘ಸಿನ್ಸ್ ಯು ಬೀನ್ ಗಾನ್’. 2006ರಾಗ ಎರಡು ಗ್ರ್ಯಾಮಿ ಸಂಗೀತ ಪ್ರಶಸ್ತಿ ಬಂದದ್ದು ಇದೇ ಹುಡುಗಿಗಿ. ಜಸ್ಟಿನ್‌ನೂ ಮನಿಗಿ ಹೋಗಿ ಕುಂದರಲಿಲ್ಲ, ನ್ಯೂಯಾರ್ಕಿನ ಬ್ರಾಡ್‌ವೇ ನಾಟಕ ರಂಗದ ಮ್ಯಾಲೆ ಹಾಡಿ ನಟಿಸಿ ಹೆಸರು ತಗೊಂಡ. ಈ ಸಂಗತಿ ಹುಡುಗ್ಯಾರಿಗಿ ತಪ್ಪದೇ ಹೇಳ್ರಿ.

ಬೀದರಿನಿಂದ:
ದನಿಯ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 2019ರ ‘ಕ್ಯಾಟ್ಸ್’ ಚಿತ್ರದ ಒಂದು ಹಾಡನ್ನು ಇದರ ಜೊತೆ ಸೇರಿಸಿಕೊಳ್ಳಿ. ಟೇಲರ್ ಸ್ವಿಫ್ಟ್, ಜೇಸನ್ ಡೆರುಲೊ ಇದ್ದೂ ವಿಮರ್ಶಕರು ಆ ಚಿತ್ರವನ್ನು ಮನಸಾರೆ ಬೈದರು. ಬಿಡುಗಡೆಯಾದ ಮೇಲೆ ಗ್ರಾಫಿಕ್ಸ್ ತಿದ್ದಿ ಹೊಸ ಪ್ರತಿ ಕಳಿಸಬೇಕಾಯಿತು. ಮನುಷ್ಯರ ಮುಖಕ್ಕೆ ಬೆಕ್ಕಿನ ರೋಮ ಹಚ್ಚಿದ್ದು ನನಗೂ ಕೊನೆಯವರೆಗೆ ಒಗ್ಗಲಿಲ್ಲ. ಆದರೆ ಅಲ್ಲಿ ಕ್ಯಾಮೆರಾ ಮುಂದೆಯೇ ಹಾಡಿಸಿದ್ದಾರೆ. ‘ಮೆಮೊರಿ’ ಹಾಡುವಾಗ ಜೆನಿಫರ್ ಹಡ್ಸನ್ ಮುಖ ನೋಡಿ: ಕಣ್ಣೀರಿನ ಜೊತೆ ಮೂಗೂ ಸೋರುತ್ತದೆ, ಒರೆಸಿಕೊಳ್ಳುವುದಿಲ್ಲ, ಉಸಿರೆಳೆದುಕೊಳ್ಳುವುದು ಕಿವಿಗೆ ಬೀಳುತ್ತದೆ. ‘ಟೈಮ್‌ಲೆಸ್’ ಕೇಳಿದ ಮೇಲೆ ಇದನ್ನು ಹಾಕಿದರೆ ಹುಡುಗಿಗೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಹಡ್ಸನ್ ಕೂಡ ಅದೇ ಐಡಲ್ ಸ್ಪರ್ಧೆಯವಳು. 2004ರಲ್ಲಿ 7ನೆಯವಳಾಗಿ ಹೊರಬಿದ್ದು, ‘ಡ್ರೀಮ್‌ಗರ್ಲ್ಸ್’ ಚಿತ್ರಕ್ಕೆ ಆಸ್ಕರ್ ತಂದಳು.

ಯಾದಗಿರಿಯಿಂದ:
ನಾನು ಪೂರ್ತಿ ಒಪ್ಪಂಗಿಲ್ರಿ. ನಟನೆ ಕಲಿಯದವರನ್ನ ಹಾಡು ಬರ್ತದಂತ ನಾಯಕರನ್ನ ಮಾಡಿದ್ರ ನೋಡೋರಿಗೂ ಕಷ್ಟ, ಅವರಿಗೂ ಕಷ್ಟ. ನಮ್ಮ ರಾಜಕುಮಾರ್ ಅವರು ಹಾಡ್ತಿದ್ರು, ನಟಿಸ್ತಿದ್ರು. ಅದರ ಹಿಂದ ಗುಬ್ಬಿ ಕಂಪನಿ ರಂಗದ ಮ್ಯಾಲಿನ ದುಡಿಮಿ ಇತ್ತು. ಸೋತ ಚಿತ್ರನೇ ನೋಡಬೇಕಂದ್ರ 1980ರ ‘ಝನಾಡು’ ನೋಡ್ರಿ. ಹಾಡುಗಾರ್ತಿ ಒಲಿವಿಯಾ ನ್ಯೂಟನ್-ಜಾನ್ ಅದಾಳ, ಹಳೀ ಚಿತ್ರಗಳಾಗ ಕುಣಿದು ಹೆಸರಾದ ನಟ ಜೀನ್ ಕೆಲ್ಲಿ ಮುದುಕಾದ ಮ್ಯಾಲೂ ಹೆಜ್ಜಿ ಹಾಕ್ಯಾನ. ಚಿತ್ರ ಬಿತ್ತು, ‘ಮ್ಯಾಜಿಕ್’ ಹಾಡು ಅಮೆರಿಕದಾಗ 1ನೇ ಸ್ಥಾನಕ್ಕ ಹೋತು. ಕೆಟ್ಟ ಚಿತ್ರಕ್ಕ ಕೊಡೋ ರ‍್ಯಾಜಿ ಪ್ರಶಸ್ತಿ ಹುಟ್ಟಲಿಕ್ಕೂ ಒಂದು ಕಾರಣ ಅದೇ ಚಿತ್ರ. 2007ರಾಗ ಬ್ರಾಡ್‌ವೇದವರು ಅದನ್ನೇ ನಾಟಕ ಮಾಡಿ ಗೆದ್ದರು.

ಕೇಳಿದವರು:
ಎಲ್ಲರಿಗೂ ಶರಣು. ಅತ್ತೆಯವರ ಮುಂದ ಮುಜುಗರ ಆಗೋದೇನಾದ್ರೂ ಅದ ಏನ್ರಿ?

ಬ್ರಹ್ಮಪುರದಿಂದ:
ಬೀಚಿನ ಅರಿವಿ ಅದಾವ, ಅದೂ ಶುರುವಿನಿಂದಲೇ. ಅದಕ್ಕಿಂತ ಹೆಚ್ಚಿನದು ಇಲ್ಲ, ಅಲ್ಲಿಯವರು ತಂದಿ-ತಾಯಿ ಜೋಡಿ ಮಕ್ಕಳು ನೋಡಬಹುದಂತ ಸರ್ಟಿಫಿಕೇಟ್ ಕೊಟ್ಟಾರ. ಇಡೀ ಚಿತ್ರ 81 ನಿಮಿಷ. ಟಿವಿ ಸ್ಪೀಕರಿನ ಮ್ಯಾಲೆ ಬಿಡಬ್ಯಾಡ್ರಿ, ಹಿಂದ ಹಾಡೋರ ದನಿಯೆಲ್ಲ ಕಲಸಿಹೋಗ್ತದ. ಬ್ಯಾರೆ ಸ್ಪೀಕರ್ ಹಚ್ರಿ. ಇಂಗ್ಲಿಷ್ ಅಕ್ಷರ ಕೆಳಗ ಬರಲಿ, ಟೆಕ್ಸಾಸಿನ ಮಾತು ಕಿವಿಗಿ ಹತ್ತಂಗಿಲ್ಲ. ಬ್ಯಾಸಗಿ ಅದ, ಬಿಸಿಲು ಇಳಿದ ಮ್ಯಾಲೇ ಕುಂದರ್ರಿ. ಸುಸಲಾ, ಮಿರ್ಚಿ ಭಜಿ ಮೊದಲೇ ಮಾಡಿ ಇಟ್ಕೋರಿ, ಹಾಡಿನ ನಡುವ ಎಣ್ಣಿ ಸಪ್ಪಳ ಬ್ಯಾಡ.

ಕೇಳಿದವರು:
ಮೊದಲು ಫೈನಲ್ ಹಾಡು, ಆಮ್ಯಾಲ ಚಿತ್ರ, ಕಡೀಕ ‘ಮೆಮೊರಿ’ ಅಂತ ಮಾಡೀವಿ. ‘ಝನಾಡು’ ಮುಂದಿನ ಸೂಟಿಗಿ. ಅತ್ತೆಯವರು ಹಾಡು ಬಂದಾಗ ಕರಿ, ಬರ್ತೀನಿ ಅಂದಾರ.