ಸಹಾಯ ಬೇಕು: ‘ದಿ ಇಂಗ್ಲಿಷ್ ಪೇಷಂಟ್’ ಸಿನಿಮಾಗೆ ಕನ್ನಡ ಸಬ್‌ಟೈಟಲ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯಿಂದ ಬರೆಯುತ್ತಿದ್ದೇನೆ. 1996ರ ‘ದಿ ಇಂಗ್ಲಿಷ್ ಪೇಷಂಟ್’ಗೆ ಕನ್ನಡ ಸಬ್‌ಟೈಟಲ್ ಯಾರ ಹತ್ರನಾದ್ರೂ ಇದೆಯಾ? ಅಮ್ಮನಿಗೆ ತೋರಿಸಬೇಕು. ಅವರಿಗೆ ಇಂಗ್ಲಿಷ್ ಬರುವುದಿಲ್ಲ.

ಪಕ್ಕದಲ್ಲಿ ಕೂತು ಹೇಳುತ್ತಾ ಹೋದರೆ ಈ ಸಿನಿಮಾ ತಲೆಗೆ ಹತ್ತುವುದಿಲ್ಲ. ಈಗಷ್ಟೇ ಇಟಲಿಯ ಪಾಳುಬಿದ್ದ ಮಠದಲ್ಲಿ ಮೈಯೆಲ್ಲ ಸುಟ್ಟ ರೋಗಿ ಮಲಗಿರುತ್ತಾನೆ. ನೋಡನೋಡುತ್ತಲೇ ಎರಡನೇ ಮಹಾಯುದ್ಧಕ್ಕೂ ಮುಂಚಿನ ಸಹಾರಾ, ಅವನ ಪ್ರೀತಿ. ಒಂದು ಮಾತು ವಿವರಿಸುವಷ್ಟರಲ್ಲಿ ಕಾಲವೇ ಬದಲಾಗಿರುತ್ತದೆ.

ನರ್ಸ್ ಹಾನಾ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಾಳೆ. ಬಾಂಬ್ ತೆಗೆಯುವ ಸಿಖ್ ಯೋಧ ಕಿಪ್ ಅವಳನ್ನು ಹಗ್ಗದಲ್ಲಿ ಮೇಲೆತ್ತಿ ಚರ್ಚಿನ ಗೋಡೆಚಿತ್ರ ತೋರಿಸುತ್ತಾನೆ. ಎಂಥ ಚಂದ! ಅಲ್ಲಿ ಮಾತೇ ಬೇಡ. ಉಳಿದ ಕಡೆ ಮಾತು ಅರ್ಥವಾಗಲೇಬೇಕು, ಅಲ್ವಾ?

ಸಿದ್ಧ ಫೈಲ್ ಸಿಗದಿದ್ದರೆ ಅನುವಾದಕ್ಕೆ ಜೊತೆಯಾಗುತ್ತೀರಾ? ಸಿನಿಮಾ 162 ನಿಮಿಷ, ಒಬ್ಬರಿಗೆ ಕೆಲಸ ಜಾಸ್ತಿ. ಇಂಗ್ಲಿಷ್ ಎಸ್‌ಆರ್‌ಟಿ ಫೈಲ್ (ಪ್ರತಿ ಮಾತು, ಅದು ತೆರೆಯ ಮೇಲೆ ಬರುವ ಸಮಯ ಇರುವ ಸಬ್‌ಟೈಟಲ್ ಫೈಲ್) ಹಂಚಿ ಕೊಡುತ್ತೇನೆ. ಸಮಯದ ಸಾಲು ಮುಟ್ಟದೆ, ಕೆಳಗಿನ ಮಾತು ಮಾತ್ರ ಕನ್ನಡಕ್ಕೆ ತಂದರೆ ಸಾಕು. ನೋಟ್‌ಪ್ಯಾಡ್‌ನಲ್ಲೇ ಆಗುತ್ತದೆ. ಸೇವ್ ಮಾಡುವಾಗ ಎನ್‌ಕೋಡಿಂಗ್‌ನಲ್ಲಿ ಯುಟಿಎಫ್-8 ಆರಿಸಿ, ಕನ್ನಡ ಅಕ್ಷರ ಹಾಗೇ ಉಳಿಯಲು.

ಇನ್ನೊಂದು ವಿಷಯ. ಪೆನ್‌ಡ್ರೈವ್‌ನಿಂದ ಹಾಕಿದರೆ ನಮ್ಮ ಟಿವಿಯಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣುತ್ತದೆ. ಸರಿ ಮಾಡುವ ದಾರಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.