ಅಡಿಕೆ ಮಂಡಿಗೆ ಸಿಮ್ ರೂಟರ್: ಸಿಗ್ನಲ್ ಇದ್ದರೂ ಇ-ವೇ ಬಿಲ್ ಏಕೆ ನಿಲ್ಲುತ್ತದೆ?

ಪ್ರಶ್ನೆ (ಅಡಿಕೆ ವ್ಯಾಪಾರಿ, ತೀರ್ಥಹಳ್ಳಿ ತಾಲ್ಲೂಕು):

ಗುಂಪಿನ ಎಲ್ಲರಿಗೂ ನಮಸ್ಕಾರ. ಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಅಡಿಕೆ ಮಂಡಿ ಇದೆ. ಖರೀದಿಯನ್ನು ನಮ್ಮ ಯಜಮಾನರು ನೋಡಿಕೊಂಡರೆ ಲೆಕ್ಕಪತ್ರದ ಕೆಲಸವೆಲ್ಲ ನನ್ನದು. ಲಾರಿ ಹೊರಡುವ ಮೊದಲು ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿಯಡಿ ಆನ್‌ಲೈನ್‌ನಲ್ಲಿ ಪಡೆಯುವ ಪತ್ರ, ಕೈಯಲ್ಲಿರಬೇಕು, ಬೆಳೆಗಾರರ ಹಣ ಅದೇ ದಿನ ಅವರ ಖಾತೆಗೆ ಹೋಗಬೇಕು. ತಂತಿಯ ಇಂಟರ್ನೆಟ್ ಮಳೆಗಾಲದಲ್ಲಿ ಮರ ಬಿದ್ದು ಕಡಿದರೆ ವಾರಗಟ್ಟಲೆ ಬರುವುದಿಲ್ಲ. ಹೀಗಾಗಿ ಸಿಮ್ ಹಾಕುವ 4ಜಿ ರೂಟರ್ ಒಂದನ್ನು ಕೊಂಡು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟಿದ್ದೇವೆ. ಸಿಗ್ನಲ್‌ನ ನಾಲ್ಕು ದೀಪಗಳಲ್ಲಿ ಮೂರು ಯಾವಾಗಲೂ ಉರಿಯುತ್ತವೆ, ಆದರೂ ವೇಗ ಸಾಲದು. ಸಂಜೆಯ ಹೊತ್ತಿಗೆ ಇ-ವೇ ಬಿಲ್ಲಿನ ಪುಟವೇ ತೆರೆಯುವುದಿಲ್ಲ. ಅಂಗಡಿಯವರು ಇದನ್ನು ಬಿಟ್ಟು 5ಜಿ ರೂಟರ್ ಕೊಳ್ಳಿ ಎನ್ನುತ್ತಿದ್ದಾರೆ. ಅಷ್ಟು ಹಣ ಹಾಕುವ ಮೊದಲು ತಿಳಿದವರ ಮಾತು ಕೇಳೋಣ ಎಂದು ಬರೆಯುತ್ತಿದ್ದೇನೆ.

ಉತ್ತರ (ನೆಟ್‌ವರ್ಕ್ ಎಂಜಿನಿಯರ್):

ನಮಸ್ಕಾರ ಮೇಡಂ. ಹೊಸ ರೂಟರ್ ಕೊಳ್ಳುವ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಊರಿನ ಟವರ್‌ನಲ್ಲಿ 5ಜಿ ಇಲ್ಲದಿದ್ದರೆ, ಅಥವಾ ಇದ್ದರೂ ಅದು ನಿಮ್ಮ ಮಂಡಿಯವರೆಗೆ ತಲುಪದಿದ್ದರೆ, ಎಷ್ಟೇ ದುಬಾರಿ ರೂಟರ್ ಕೊಂಡರೂ ಅದು 4ಜಿಯಲ್ಲಿಯೇ ಕೆಲಸ ಮಾಡುತ್ತದೆ.

ಆ ಮೂರು ದೀಪಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್ ಬಂದರೆ ಎಷ್ಟು ದೀಪ ಉರಿಯಬೇಕೆಂಬುದನ್ನು ಪ್ರತಿಯೊಂದು ಕಂಪನಿಯೂ ತನಗೆ ತೋಚಿದಂತೆ ನಿಗದಿ ಮಾಡಿರುತ್ತದೆ. ರೂಟರಿನ ತಳಭಾಗದ ಚೀಟಿಯಲ್ಲಿ ಒಂದು ವಿಳಾಸವಿರುತ್ತದೆ, ಸಾಮಾನ್ಯವಾಗಿ 192.168.1.1 ಎಂದು. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಅದನ್ನು ತೆರೆದು, ಸ್ಥಿತಿ ತೋರಿಸುವ ಪುಟದಲ್ಲಿ ಮೂರು ಅಂಶಗಳನ್ನು ಬರೆದುಕೊಳ್ಳಿ. ಮೊದಲನೆಯದು ಬ್ಯಾಂಡ್ ಸಂಖ್ಯೆ, ಅಂದರೆ ರೂಟರ್ ಟವರ್‌ನ ಯಾವ ತರಂಗಾಂತರಕ್ಕೆ ಅಂಟಿಕೊಂಡಿದೆ ಎಂಬುದರ ಗುರುತು. ಎರಡನೆಯದು ಆರ್‌ಎಸ್‌ಆರ್‌ಪಿ, ಅಂದರೆ ಟವರ್‌ನ ಸಿಗ್ನಲ್ ನಿಮ್ಮಲ್ಲಿಗೆ ಎಷ್ಟು ಬಲವಾಗಿ ಬರುತ್ತಿದೆ ಎಂಬ ಅಳತೆ. ಇದು ಮೈನಸ್ 90ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ ಎಂದರ್ಥ, ಮೈನಸ್ 110ಕ್ಕಿಂತ ಕೆಳಗಿಳಿದರೆ ವ್ಯವಹಾರಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಮೂರನೆಯದು ಎಸ್‌ಐಎನ್‌ಆರ್, ಅಂದರೆ ಬಂದ ಸಿಗ್ನಲ್ ಸುತ್ತಲಿನ ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬ ಅಳತೆ. ವೇಗವನ್ನು ನಿರ್ಧರಿಸುವಲ್ಲಿ ಮೂರನೆಯದರ ಪಾಲೇ ದೊಡ್ಡದು. ಅದು 13 ದಾಟಿದರೆ ನೆಮ್ಮದಿ, ಸೊನ್ನೆಯ ಹತ್ತಿರ ಬಂದರೆ ದೀಪಗಳೆಲ್ಲ ಉರಿಯುತ್ತಿದ್ದರೂ ಪುಟ ತೆರೆಯುವುದಿಲ್ಲ.

ಉದ್ದದ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಹಿಡಿದುಕೊಂಡು ಕಟ್ಟಡದ ಮೂರು ನಾಲ್ಕು ಜಾಗಗಳಲ್ಲಿ ರೂಟರ್ ಇಟ್ಟು, ಪ್ರತಿಯೊಂದು ಕಡೆ ಐದು ನಿಮಿಷ ಕಾದು, ಈ ಮೂರನ್ನೂ ವೇಗವನ್ನೂ ಬರೆದು ಕಳುಹಿಸಿ. ಒಂದು ಸುತ್ತು ಬೆಳಿಗ್ಗೆ, ಇನ್ನೊಂದು ಸುತ್ತು ರಾತ್ರಿ ಎಂಟರ ಹೊತ್ತಿಗೆ ಆಗಲಿ.

ಪ್ರಶ್ನೆ ಕೇಳಿದವರು:

ಸರ್, ಅಳೆದದ್ದು ಹೀಗಿದೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬ್ಯಾಂಡ್ 5, ಆರ್‌ಎಸ್‌ಆರ್‌ಪಿ ಮೈನಸ್ 97, ಎಸ್‌ಐಎನ್‌ಆರ್ 2, ಡೌನ್‌ಲೋಡ್ 3 ಎಂಬಿಪಿಎಸ್. ಉಪ್ಪರಿಗೆಯ ಕಿಟಕಿಯಲ್ಲಿ ಬ್ಯಾಂಡ್ 40, ಮೈನಸ್ 108, ಎಸ್‌ಐಎನ್‌ಆರ್ 6, ಡೌನ್‌ಲೋಡ್ 11, ಆದರೆ ಅಪ್‌ಲೋಡ್ ಒಂದೂ ದಾಟುವುದಿಲ್ಲ. ಗೋದಾಮಿನ ಅಟ್ಟದಲ್ಲಿ, ಗುಡ್ಡದ ಕಡೆಗಿರುವ ಬೆಳಕಿಂಡಿಯ ಬಳಿ ಬ್ಯಾಂಡ್ 3, ಮೈನಸ್ 99, ಎಸ್‌ಐಎನ್‌ಆರ್ 12, ಡೌನ್‌ಲೋಡ್ 18, ಅಪ್‌ಲೋಡ್ 7. ರಾತ್ರಿ ಅಟ್ಟದಲ್ಲಿ ಅಂಕಿಗಳು ಹೆಚ್ಚೂಕಡಿಮೆ ಹಾಗೆಯೇ ಇದ್ದವು, ವೇಗ ಮಾತ್ರ 8ಕ್ಕೆ ಇಳಿಯಿತು.

ಉತ್ತರ:

ಇಷ್ಟು ಅಚ್ಚುಕಟ್ಟಾಗಿ ಅಳೆದು ಕೊಟ್ಟಿದ್ದೀರಿ, ಅರ್ಧ ಕೆಲಸ ಮುಗಿದಂತೆಯೇ ಸರಿ. ಗಲ್ಲಾದ ಬಳಿ ಮತ್ತು ಅಟ್ಟದಲ್ಲಿ ಸಿಗ್ನಲ್‌ನ ಬಲ ಬಹುತೇಕ ಒಂದೇ ಆಗಿದ್ದರೂ ವೇಗದಲ್ಲಿ ಆರು ಪಟ್ಟು ವ್ಯತ್ಯಾಸವಿರುವುದನ್ನು ಗಮನಿಸಿ. ಬ್ಯಾಂಡ್ 5 ಎಂದರೆ 850 ಮೆಗಾಹರ್ಟ್ಸ್. ಅದು ತೋಟ, ಗೋಡೆ ದಾಟಿ ದೂರ ಬರುತ್ತದೆ, ಆದರೆ ಅದರ ಹರಹು, ಅಂದರೆ ಡೇಟಾ ಸಾಗುವ ದಾರಿಯ ಅಗಲ, ಕಿರಿದು, ಮೇಲಾಗಿ ಮನೆಯೊಳಗೆ ಕುಳಿತ ಊರವರ ಫೋನುಗಳೆಲ್ಲ ಅದನ್ನೇ ನೆಚ್ಚಿಕೊಂಡಿರುತ್ತವೆ. ಬ್ಯಾಂಡ್ 40 ಎಂದರೆ 2300 ಮೆಗಾಹರ್ಟ್ಸ್. ಹರಹು ದೊಡ್ಡದಾದರೂ ಒದ್ದೆ ಎಲೆಗಳ ನಡುವೆ ಬೇಗ ಸೊರಗುತ್ತದೆ. ಅಲ್ಲದೆ ಕಳುಹಿಸುವುದಕ್ಕೂ ಪಡೆಯುವುದಕ್ಕೂ ಅದು ಒಂದೇ ತರಂಗಾಂತರವನ್ನು ಸರದಿಯಂತೆ ಬಳಸುತ್ತದೆ ಮತ್ತು ಕಳುಹಿಸುವ ಸರದಿ ಚಿಕ್ಕದು, ಆದ್ದರಿಂದಲೇ ನಿಮ್ಮ ಅಪ್‌ಲೋಡ್ ಏಳಲಿಲ್ಲ. ನಿಮ್ಮ ಜಾಗಕ್ಕೆ ಬ್ಯಾಂಡ್ 3, ಅಂದರೆ 1800 ಮೆಗಾಹರ್ಟ್ಸ್, ಒಪ್ಪುತ್ತದೆ.

ಆದ್ದರಿಂದ ರೂಟರ್ ಅಟ್ಟಕ್ಕೇ ಹೋಗಲಿ. ಅಲ್ಲಿಂದ ಗಲ್ಲಾದವರೆಗೆ ಕ್ಯಾಟ್-6 ಎಂಬ ನೆಟ್‌ವರ್ಕ್ ಕೇಬಲ್ ಎಳೆಯಿರಿ. ಅದು 100 ಮೀಟರ್‌ವರೆಗೆ ಯಾವ ನಷ್ಟವೂ ಇಲ್ಲದಂತೆ ಡೇಟಾ ಒಯ್ಯುತ್ತದೆ. ಹಲವರು ಇದನ್ನೇ ತಿರುಗುಮುರುಗಾಗಿ ಮಾಡುತ್ತಾರೆ. ರೂಟರನ್ನು ಕೆಳಗಿಟ್ಟು ಆಂಟೆನಾವನ್ನು ಮಾತ್ರ ಮೇಲಕ್ಕೆ ಕಟ್ಟಿ, ತೆಳುವಾದ ಆರ್‌ಜಿ-58 ಕೇಬಲನ್ನು ಹತ್ತು ಮೀಟರ್ ಎಳೆಯುತ್ತಾರೆ. ಈ ತರಂಗಾಂತರದಲ್ಲಿ ಆ ಹತ್ತು ಮೀಟರ್ ಸುಮಾರು 8 ಡೆಸಿಬಲ್ ನುಂಗುತ್ತದೆ. ಪ್ರತಿ 3 ಡೆಸಿಬಲ್‌ಗೆ ಸಿಗ್ನಲ್ ಅರ್ಧವಾಗುತ್ತದೆ ಎಂದಾಗ, ಆಂಟೆನಾಕ್ಕೆ ಕೊಟ್ಟ ಹಣವೆಲ್ಲ ಕೇಬಲ್ಲಿನಲ್ಲಿಯೇ ಕರಗಿ ಹೋಯಿತೆಂದು ತಿಳಿಯಿರಿ.

ನಿಮ್ಮ ರೂಟರಿನ ಹಿಂದೆ ಹೊರಗಿನ ಆಂಟೆನಾ ಜೋಡಿಸುವ ಎರಡು ಎಸ್‌ಎಂಎ ಕಿಂಡಿಗಳಿದ್ದರೆ, ಒಂದೇ ದಿಕ್ಕಿಗೆ ನೋಡುವ ಲಾಗ್ ಪೀರಿಯಾಡಿಕ್ ಆಂಟೆನಾ ಎರಡನ್ನು ಚಿಕ್ಕ ಕೇಬಲ್‌ನೊಂದಿಗೆ ತನ್ನಿ. ಟವರ್‌ನ ಕಡೆಗೆ ಮುಖ ಮಾಡಿಸಿ, ಒಂದನ್ನು ಎಡಕ್ಕೆ 45 ಡಿಗ್ರಿ, ಇನ್ನೊಂದನ್ನು ಬಲಕ್ಕೆ 45 ಡಿಗ್ರಿ ವಾಲಿಸಿ ಕಟ್ಟಿ, ಏಕೆಂದರೆ ಟವರ್ ಕಳುಹಿಸುವ ಎರಡು ಹರಿವುಗಳೂ ಹಾಗೆಯೇ ವಾಲಿಕೊಂಡು ಬರುತ್ತವೆ. ಎಸ್‌ಐಎನ್‌ಆರ್ ಅಂಕಿ ನೋಡುತ್ತ, ಒಂದೊಂದೇ ಬೆರಳಿನಷ್ಟು ತಿರುಗಿಸುತ್ತ ಹೋಗಿ; ಅತಿ ಹೆಚ್ಚು ಅಂಕಿ ಬಂದ ಕಡೆ ನಟ್ಟು ಬಿಗಿಯಿರಿ. ಆಮೇಲೆ ಸೆಟ್ಟಿಂಗ್‌ನಲ್ಲಿ ರೂಟರನ್ನು ಬ್ಯಾಂಡ್ 3ಕ್ಕೆ ಲಾಕ್ ಮಾಡಿ. ಮುಂದೆ ಆ ಟವರ್‌ನಲ್ಲಿ ಬ್ಯಾಂಡ್ 3 ನಿಂತುಹೋದರೆ ರೂಟರ್ ಬೇರೆಯದಕ್ಕೆ ಹೋಗಲಾರದು, ಆದ್ದರಿಂದ ಲಾಕ್ ತೆಗೆಯುವ ಬಗೆಯನ್ನು ಯಜಮಾನರಿಗೂ ತೋರಿಸಿಕೊಟ್ಟಿರಿ.

ರಾತ್ರಿ ಅಂಕಿಗಳು ಬದಲಾಗದೆ ವೇಗ ಮಾತ್ರ ಇಳಿದದ್ದು ಟವರ್ ಮೇಲಿನ ಹೊರೆಯಿಂದ. ಅದಕ್ಕೆ ಆಂಟೆನಾದಲ್ಲಿ ಪರಿಹಾರವಿಲ್ಲ. ಇನ್ನೊಂದು ಕಂಪನಿಯ ಸಿಮ್ ಇಟ್ಟುಕೊಳ್ಳಬೇಕು. ಆ ಸಿಮ್ ಕೊಳ್ಳುವ ಮೊದಲು ಒಂದು ವಿಷಯ ವಿಚಾರಿಸಿ. ನಮ್ಮಲ್ಲಿ ಎರಡು ಮೂರು ಕಂಪನಿಗಳು ಒಂದೇ ಟವರ್ ಕಂಬವನ್ನು ಹಂಚಿಕೊಂಡಿರುವುದು ಸಾಮಾನ್ಯ. ಹಾಗಿದ್ದರೆ ಕರೆಂಟು ಹೋಗಿ ಅಲ್ಲಿನ ಬ್ಯಾಟರಿ ಮುಗಿದಾಗ ಎರಡು ಸಿಮ್ಮೂ ಒಟ್ಟಿಗೇ ನಿಲ್ಲುತ್ತವೆ. ಬೇರೆ ಗುಡ್ಡದ ಟವರ್‌ನಿಂದ ಬರುವ ಕಂಪನಿ ಸಿಕ್ಕಿದರೆ ಅದನ್ನೇ ಆರಿಸಿ.

ಇನ್ನೊಬ್ಬ ಸದಸ್ಯರು (ಹೋಂಸ್ಟೇ ಮಾಲೀಕರು, ಸಕಲೇಶಪುರ):

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ಇಷ್ಟೆಲ್ಲ ಮಾಡುವ ಬದಲು ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಹಾಕಬಾರದೇ?

ಉತ್ತರ:

ದಯವಿಟ್ಟು ಬೇಡ. ಪರವಾನಗಿ ಇಲ್ಲದೆ ಬೂಸ್ಟರ್ ಇಟ್ಟುಕೊಳ್ಳುವುದು, ಬಳಸುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಅದು ನಿಮ್ಮ ಸಿಗ್ನಲ್ ಜೊತೆಗೆ ಗದ್ದಲವನ್ನೂ ಹಿಗ್ಗಿಸಿ ಟವರ್‌ಗೆ ಕಳುಹಿಸುವುದರಿಂದ ಸುತ್ತಲಿನವರ ಕರೆಗಳು ಕೆಡುತ್ತವೆ. ಮೇಲೆ ಹೇಳಿದ ಆಂಟೆನಾ ಏನನ್ನೂ ಹಿಗ್ಗಿಸುವುದಿಲ್ಲ. ಒಂದು ದಿಕ್ಕಿನಿಂದ ಬಂದದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಅಷ್ಟೇ.

ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ):

ಸರ್, ನೀವು ಹೇಳಿದಂತೆಯೇ ಮಾಡಿದೆವು. ಈಗ ಎಸ್‌ಐಎನ್‌ಆರ್ 17 ಇದೆ, ಹಗಲಿನಲ್ಲಿ 30ರವರೆಗೆ ವೇಗ ಬರುತ್ತದೆ. ಆದರೆ ಮೂರು ತೊಂದರೆಗಳು ಉಳಿದಿವೆ. ವಾಟ್ಸ್ಯಾಪ್, ಯುಪಿಐ ಎಲ್ಲ ಸರಾಗವಾಗಿ ನಡೆದರೂ ಇ-ವೇ ಬಿಲ್ಲಿನ ಪುಟ ಮತ್ತು ಬ್ಯಾಂಕಿನ ಪುಟ ಅರ್ಧ ತೆರೆದು ಸುಮ್ಮನೆ ಸುತ್ತುತ್ತಿರುತ್ತವೆ. ಬೆಂಗಳೂರಿನಲ್ಲಿರುವ ಮಗನಿಗೆ ಗೋದಾಮಿನ ಕ್ಯಾಮೆರಾ ಕಾಣಿಸುತ್ತಿಲ್ಲ. ಮೊದಲಿನ ತಂತಿ ಇಂಟರ್ನೆಟ್‌ನಲ್ಲಿ ಕಾಣುತ್ತಿತ್ತು, ಹೊರಗಿನಿಂದ ಬಂದ ಸಂಪರ್ಕವನ್ನು ರೂಟರ್ ಕ್ಯಾಮೆರಾಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡ್ ಮಾಡಿದರೂ ಪ್ರಯೋಜನವಾಗಿಲ್ಲ. ಇನ್ನು, ಇನ್ವರ್ಟರ್ ಇದ್ದರೂ ಕರೆಂಟು ಹೋದಾಗಲೆಲ್ಲ ರೂಟರ್ ಆರಿ ಹೊತ್ತಿಕೊಳ್ಳುತ್ತದೆ.

ಉತ್ತರ:

ಮೊದಲನೆಯದು ನಿಮಗೆ ತುರ್ತಿನದು, ಅದನ್ನೇ ಮೊದಲು ನೋಡೋಣ. ಡೇಟಾ ಪೊಟ್ಟಣ ಪೊಟ್ಟಣವಾಗಿ ಸಾಗುತ್ತದೆ. ಚಿಕ್ಕ ಪೊಟ್ಟಣಗಳಲ್ಲಿ ಹೋಗುವ ವಿಷಯಗಳೆಲ್ಲ ಸರಾಗವಾಗಿದ್ದು ಕೆಲವು ಪುಟಗಳು ಮಾತ್ರ ಅರ್ಧಕ್ಕೆ ನಿಂತರೆ, ಅನುಮಾನ ಪಡಬೇಕಾದದ್ದು ಎಂಟಿಯು ಎಂಬ ಸೆಟ್ಟಿಂಗನ್ನು. ಒಂದು ಪೊಟ್ಟಣ ಎಷ್ಟು ದೊಡ್ಡದಿರಬಹುದು ಎಂಬ ಮಿತಿ ಅದು. ರೂಟರ್ 1500 ಎಂದುಕೊಂಡಿದ್ದು, ಮೊಬೈಲ್ ಜಾಲದ ಒಳಗಿನ ದಾರಿ ಅದಕ್ಕಿಂತ ಕಿರಿದಾಗಿದ್ದರೆ, ದೊಡ್ಡ ಪೊಟ್ಟಣಗಳು ದಾರಿಯಲ್ಲೇ ಬಿದ್ದುಹೋಗುತ್ತವೆ. ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಕಿಟಕಿಯಲ್ಲಿ, ಪೊಟ್ಟಣ ಕಳುಹಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಪಿಂಗ್ ಆಜ್ಞೆಗೆ ಮೈನಸ್ 4, ಮೈನಸ್ ಎಫ್, ಮೈನಸ್ ಎಲ್ ಸೇರಿಸಿ, ಕೊನೆಯದರ ನಂತರ ಗಾತ್ರ ಬರೆದು, ಗೂಗಲ್‌ನ 8.8.8.8 ವಿಳಾಸಕ್ಕೆ ಕಳುಹಿಸಿ. 1472ರಿಂದ ಆರಂಭಿಸಿ ಇಪ್ಪತ್ತಿಪ್ಪತ್ತೇ ಇಳಿಸುತ್ತ ಬನ್ನಿ. ಉತ್ತರ ಬಂದ ಗಾತ್ರಕ್ಕೆ 28 ಕೂಡಿಸಿದರೆ ನಿಮ್ಮ ಎಂಟಿಯು ಸಿಗುತ್ತದೆ. ಅದನ್ನು ರೂಟರಿನ ಮೊಬೈಲ್ ಸಂಪರ್ಕದ ಪುಟದಲ್ಲಿ ಬರೆದು ಉಳಿಸಿ. ಅದೇ ಪುಟದಲ್ಲಿರುವ ಎಪಿಎನ್, ಅಂದರೆ ಸಿಮ್ ಕಂಪನಿಯ ಜಾಲದಿಂದ ಇಂಟರ್ನೆಟ್‌ಗೆ ಹೋಗುವ ದ್ವಾರದ ಹೆಸರು, ನಿಮ್ಮ ಸಿಮ್ ಕಂಪನಿಯದ್ದೇ ಹೌದೇ ಎಂದೂ ನೋಡಿ: ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್.

ಕ್ಯಾಮೆರಾ ಕಾಣದಿರುವುದಕ್ಕೆ ನಿಮ್ಮ ತಪ್ಪು ಕಾರಣವಲ್ಲ. ರೂಟರಿಗೆ ಸಿಕ್ಕಿರುವ ಐಪಿ ವಿಳಾಸ ನೋಡಿ. ಅದು 10ರಿಂದ, ಅಥವಾ 100.64ರಿಂದ 100.127ರ ನಡುವಿನ ಅಂಕಿಗಳಿಂದ ಆರಂಭವಾಗಿದ್ದರೆ, ಒಂದೇ ಹೊರ ವಿಳಾಸದ ಹಿಂದೆ ಕಂಪನಿ ಸಾವಿರಾರು ಗ್ರಾಹಕರನ್ನು ಇಟ್ಟಿದೆ ಎಂದರ್ಥ. ದೊಡ್ಡ ವಠಾರಕ್ಕೆ ಒಂದೇ ಬಾಗಿಲು ಇದ್ದಂತೆ: ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದವರಿಗೆ ನಿಮ್ಮ ಕೋಣೆ ತಿಳಿಯದು. ಹೀಗಿರುವಾಗ ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ವ್ಯರ್ಥ, ಆ ನಿಯಮಗಳನ್ನು ಅಳಿಸಿಬಿಡಿ. ಕ್ಯಾಮೆರಾ ತಯಾರಕರದೇ ಮೊಬೈಲ್ ಆಪ್‌ನಲ್ಲಿ ಪಿ2ಪಿ ಸೇವೆ ಇದ್ದರೆ ಅದು ಒಳಗಿನಿಂದ ಹೊರಗೆ ಸಂಪರ್ಕ ಕಟ್ಟುವುದರಿಂದ ಕೆಲಸ ಮಾಡುತ್ತದೆ. ಪಾಸ್‌ವರ್ಡ್ ಮಾತ್ರ ಕಾರ್ಖಾನೆಯಿಂದ ಬಂದದ್ದೇ ಇರಬಾರದು. ದೃಶ್ಯವನ್ನು ಗೋದಾಮಿನ ರೆಕಾರ್ಡರಿನಲ್ಲಿಯೇ ಉಳಿಸಿ, ಮಗ ಬೇಕಾದಾಗ ಮಾತ್ರ ನೋಡಲಿ. 2 ಎಂಬಿಪಿಎಸ್‌ನ ಒಂದೇ ಒಂದು ಕ್ಯಾಮೆರಾ ಎಡೆಬಿಡದೆ ಹೊರಗೆ ಕಳುಹಿಸುತ್ತಿದ್ದರೆ ದಿನಕ್ಕೆ 21 ಜಿಬಿಗೂ ಹೆಚ್ಚು ಡೇಟಾ ಖರ್ಚಾಗುತ್ತದೆ.

ಇನ್ವರ್ಟರಿನ ಹಿಂಭಾಗದಲ್ಲಿ ಯುಪಿಎಸ್ ಎಂದು ಬರೆದ ಸ್ವಿಚ್ ಇದ್ದರೆ ಆ ಕಡೆಗೆ ಹಾಕಿ. ಆಗ ಅದು ಬೇಗ ಬದಲಾಗುತ್ತದೆ. ಅದರಿಂದಲೂ ಸರಿಹೋಗದಿದ್ದರೆ ರೂಟರಿಗೆಂದೇ ಮಾರುವ 12 ವೋಲ್ಟಿನ ಪುಟ್ಟ ಯುಪಿಎಸ್ ತನ್ನಿ. ಅದು ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದನ್ನು ರೂಟರಿನ ಅಡಾಪ್ಟರ್ ಮೇಲೆ ಬರೆದಿರುವುದರೊಂದಿಗೆ ಹೋಲಿಸಿಯೇ ಕೊಳ್ಳಿ.

ಪ್ರಶ್ನೆ ಕೇಳಿದವರು:

1372ಕ್ಕೆ ಉತ್ತರ ಬಂತು ಸರ್. ಎಂಟಿಯು 1400 ಎಂದು ಹಾಕಿದ ತಕ್ಷಣ ಬ್ಯಾಂಕಿನ ಪುಟ ತೆರೆಯಿತು. ನಿನ್ನೆ ಸಂಜೆ ಲಾರಿ ಅಂಗಳದಲ್ಲಿ ನಿಂತಿರುವಾಗಲೇ ಇ-ವೇ ಬಿಲ್ ಮುದ್ರಿಸಿ ಚಾಲಕರ ಕೈಗೆ ಕೊಟ್ಟೆವು. ಕ್ಯಾಮೆರಾವೂ ಮಗನ ಫೋನಿನಲ್ಲಿ ಕಾಣುತ್ತಿದೆ. ಇನ್ನೊಂದೇ ಸಂಶಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಗುಡುಗು ಸಿಡಿಲು ಜೋರು. ಬೆಳಕಿಂಡಿಯ ಹೊರಗೆ ಕಟ್ಟಿದ ಆಂಟೆನಾದಿಂದ ಅಪಾಯವಿಲ್ಲವೇ?

ಉತ್ತರ:

ಸಂತೋಷವಾಯಿತು ಮೇಡಂ. ಅಪಾಯ ಇದ್ದೇ ಇದೆ. ಆಂಟೆನಾದ ಕಬ್ಬಿಣದ ಕೊಳವೆಯನ್ನು ದಪ್ಪ ತಾಮ್ರದ ತಂತಿಯಿಂದ ಕಟ್ಟಡದ ಅರ್ಥಿಂಗ್‌ಗೆ ಜೋಡಿಸಿ. ಎರಡು ಆಂಟೆನಾ ಕೇಬಲ್‌ಗಳಿಗೂ ಸಿಡಿಲಿನಿಂದ ನುಗ್ಗುವ ವಿದ್ಯುತ್ತನ್ನು ನೆಲಕ್ಕಿಳಿಸುವ ಸರ್ಜ್ ಅರೆಸ್ಟರ್ ಒಂದೊಂದು ಹಾಕಿಸಿ, ಅದರ ತಂತಿಯೂ ಅದೇ ಅರ್ಥಿಂಗ್‌ಗೆ ಸೇರಲಿ. ಇಷ್ಟಾದರೂ ಹತ್ತಿರದಲ್ಲಿಯೇ ಬೀಳುವ ಸಿಡಿಲನ್ನು ಇವು ಪೂರ್ತಿ ತಡೆಯಲಾರವು. ಆದ್ದರಿಂದ ಮಂಡಿ ಮುಚ್ಚುವ ಹೊತ್ತಿನಲ್ಲಿ ಮೋಡ ಕಟ್ಟಿದ್ದರೆ, ಗುಡುಗು ಹತ್ತಿರವಾಗುವ ಮೊದಲೇ ಅಟ್ಟ ಹತ್ತಿ ಅಡಾಪ್ಟರನ್ನು, ಎರಡು ಆಂಟೆನಾ ಕೇಬಲ್‌ಗಳನ್ನು ಮತ್ತು ಕೆಳಗೆ ಹೋಗುವ ಕ್ಯಾಟ್-6 ಕೇಬಲನ್ನು ಬಿಚ್ಚಿಡಿ. ಕೊನೆಯದನ್ನು ಮರೆಯುವವರೇ ಹೆಚ್ಚು. ಅದು ಹಾಗೆಯೇ ಉಳಿದರೆ ಗಲ್ಲಾದ ಕಂಪ್ಯೂಟರಿಗೂ ಪೆಟ್ಟು ಬೀಳುತ್ತದೆ. ಗುಡುಗು ಆರಂಭವಾದ ಮೇಲೆ ಮಾತ್ರ ಯಾವ ತಂತಿಗೂ ಕೈ ಹಚ್ಚಬೇಡಿ.