ಸ್ವಂತ ದೇಶ ಸುತ್ತೋಕೆ 12 ದಿನ: ಯೋಜನೆ ಎಲ್ಲಿಂದ ಶುರು ಮಾಡ್ಬೇಕು?

ದಾರಿಹೋಕ (ಪ್ರಶ್ನೆ)

ರಜೆ ಅಂದ್ರೆ ವಿದೇಶ ಅನ್ನೋ ರೂಢಿ ಬಿಟ್ಟು ಈ ಸಲ ಸ್ವಂತ ದೇಶವನ್ನೇ ಸರಿಯಾಗಿ ನೋಡ್ಬೇಕು ಅಂತಿದೆ. ಇಬ್ಬರು, 12 ದಿನ, 11 ರಾತ್ರಿ. ದಿನಕ್ಕೆ ನಾಲ್ಕೈದು ಗಂಟೆ ನಡೆಯೋಕೆ ತೊಂದರೆಯಿಲ್ಲ. ವಿದೇಶಕ್ಕಾದ್ರೆ ವೀಸಾ ದಿನಾಂಕ, ವಿಮಾನದ ಟಿಕೆಟ್ಟು ಇವೇ ಒಂದು ಚೌಕಟ್ಟು ಹಾಕಿಬಿಡ್ತವೆ. ಇಲ್ಲಿ ಅದಿಲ್ಲ. ಹುಡುಕಿದ್ರೆ ಎಲ್ಲರೂ ಹೋಗೋ ಅದೇ ಹತ್ತು ಜಾಗ ಬರ್ತವೆ. ಜಾಗ ಹೇಗೆ ಆರಿಸೋದು, ಯಾವಾಗ ಹೋಗೋದು, ಎಷ್ಟು ಕಡೆ ಉಳಿಯೋದು? ಯಾವ ದೇಶಕ್ಕಾದ್ರೂ ಹೊಂದೋ ವಿಧಾನ ಹೇಳಿದ್ರೆ ಸಾಕು.

ನಕಾಶೆಪೆಟ್ಟಿಗೆ

‘ನೋಡಲೇಬೇಕಾದ ಹತ್ತು ತಾಣ’ ಥರದ ಪಟ್ಟಿಗಳನ್ನ ಮೊದಲು ಬದಿಗಿಡಿ. ಬಹುಪಾಲು ಒಂದನ್ನ ನೋಡಿ ಇನ್ನೊಂದು ಬರೆದಂಥವು. ಯುನೆಸ್ಕೊ ವಿಶ್ವ ಪರಂಪರೆ ಜಾಲತಾಣದಲ್ಲಿ ನಿಮ್ಮ ದೇಶದ ‘ತಾತ್ಕಾಲಿಕ ಪಟ್ಟಿ’ ತೆರೆಯಿರಿ. ಯಾವ ತಾಣಕ್ಕೇ ಆಗಲಿ ವಿಶ್ವ ಪರಂಪರೆಯ ಮಾನ್ಯತೆ ಸಿಗಬೇಕಾದ್ರೆ ಆ ದೇಶ ಅದನ್ನ ಮೊದಲು ಈ ಪಟ್ಟಿಗೆ ಸೇರಿಸಿರಬೇಕು. ಹಾಗಾಗಿ ಪರಿಶೀಲಿಸಿ ಆರಿಸಿದ, ಆದರೆ ಇನ್ನೂ ಜನಜಂಗುಳಿ ಮುತ್ತದ ಎಷ್ಟೋ ಜಾಗ ಅಲ್ಲಿ ಸಿಗ್ತವೆ. ಆ ತಾಣ ಯಾಕೆ ಮುಖ್ಯ ಅನ್ನೋ ಟಿಪ್ಪಣಿಯೂ ಜೊತೆಗಿರುತ್ತೆ. ಕೆರೆ, ಜೌಗು, ಅಳಿವೆ ಇಷ್ಟವಾದ್ರೆ ಜೌಗುಪ್ರದೇಶಗಳನ್ನ ಉಳಿಸೋಕೆ ದೇಶಗಳು ಮಾಡ್ಕೊಂಡ 1971ರ ರಾಮ್ಸಾರ್ ಒಪ್ಪಂದದ ಪಟ್ಟಿ ನೋಡಿ.

ಇಲ್ಲಿ ಎಡವೋದು ಎಲ್ಲಿ ಅಂದ್ರೆ, ಒಂದೇ ಹೆಸರಿನ ಕೆಳಗೆ ದೂರದೂರದ ಹಲವು ಸ್ಥಳ ಸೇರಿರಬಹುದು. ಫಲಕ, ಶೌಚಾಲಯ ಏನೂ ಇಲ್ಲದಿರಬಹುದು, ಬಾಗಿಲಿಗೆ ಬೀಗ ಬಿದ್ದಿರಬಹುದು. ಬೀಗದ ಕೈ ಯಾರ ಹತ್ರ, ವಾರದ ರಜೆ ಯಾವತ್ತು, ಅನುಮತಿ ಬೇಕಾ ಅಂತ ಉಸ್ತುವಾರಿ ಇಲಾಖೆಗೆ ಒಂದು ವಾರ ಮೊದಲೇ ಫೋನ್ ಮಾಡಿ ಕೇಳಿ.

ಹೀಗೆ ಸಿಕ್ಕ ಜಾಗಗಳನ್ನ ನಕಾಶೆಯಲ್ಲಿ ಗುರುತು ಮಾಡಿ, ಯಾವ ನದಿಯ ದಂಡೆಗೆ ಅವು ಹೆಚ್ಚು ಹತ್ತಿರ ಇವೆ ನೋಡಿ. ಆ ನದಿಯನ್ನೇ ದಾರಿ ಮಾಡ್ಕೊಳ್ಳಿ. ಹಳೇ ಪಟ್ಟಣಗಳು ಸಂಗಮದಲ್ಲೋ, ನದಿ ದಾಟೋಕೆ ಸುಲಭವಾದ ಕಡೆಯೋ ಬೆಳೆದಿರೋದು ಸಾಮಾನ್ಯ. ಮಣ್ಣು, ಬೆಳೆ, ಮನೆ ಕಟ್ಟೋ ರೀತಿ ಬದಲಾಗೋದು ಕಣ್ಣಿಗೆ ಬೀಳುತ್ತೆ, ಯಾಕೆ ಬದಲಾಯ್ತು ಅನ್ನೋದೂ ಗೊತ್ತಾಗುತ್ತೆ. ಬಂದ ದಾರೀಲೇ ವಾಪಸ್ ಹೋಗೋ ಕಾಟವೂ ತಪ್ಪುತ್ತೆ. 12 ದಿನಕ್ಕೆ 300–400 ಕಿ.ಮೀ. ಸಾಕು. ಉದ್ದದ ನದಿಯಾದ್ರೆ ಒಂದು ಭಾಗ ಮಾತ್ರ ಹಿಡೀರಿ. ಮೂಲದಿಂದ ಶುರು ಮಾಡಿ ನೀರಿನ ಜೊತೆ ಇಳೀತಾ ಬನ್ನಿ.

ಮೋಡಲೆಕ್ಕ

ಯಾವಾಗ ಅನ್ನೋದರ ಬಗ್ಗೆ. ಸ್ವಂತ ದೇಶ ಸುತ್ತುವಾಗ ದೊಡ್ಡ ತಪ್ಪು ಆಗೋದು ಇಲ್ಲೇ. ನಿಮಗೆ ರಜೆ ಸಿಗೋ ದಿನವೇ ಇಡೀ ದೇಶಕ್ಕೂ ರಜೆ. ಶಾಲೆ ರಜೆ ಮುಗಿದ ಮುಂದಿನ ಎರಡು ವಾರ, ಇಲ್ಲವೇ ಶುರುವಾಗೋ ಮುಂಚಿನ ಎರಡು ವಾರ ಹಿಡೀರಿ. ಹವಾಮಾನ ಹೆಚ್ಚುಕಮ್ಮಿ ಅದೇ, ಜನ ಕಡಿಮೆ. ವಾರಾಂತ್ಯದಲ್ಲಿ ಹೆಸರುವಾಸಿ ಜಾಗ ಬಿಟ್ಟು ದಾರಿಯ ಸಣ್ಣ ಊರುಗಳಲ್ಲಿರಿ.

ತಾಪಮಾನಕ್ಕೆ ಒಂದು ಲೆಕ್ಕ: 1,000 ಮೀಟರ್ ಏರಿದ್ರೆ ಸರಾಸರಿ 6.5 ಡಿಗ್ರಿ ಇಳಿಯುತ್ತೆ. ಸಮುದ್ರಮಟ್ಟದಲ್ಲಿ 30 ಡಿಗ್ರಿ ಇದ್ದ ದಿನ 2,000 ಮೀಟರಿನಲ್ಲಿ ಸುಮಾರು 17. ಒಂದೇ ಚೀಲದಲ್ಲಿ ಎರಡೂ ಹವೆಗೆ ಬಟ್ಟೆ ಬೇಕು ಅಂತಾಯ್ತು. ಬೆಟ್ಟಸಾಲಿನ ಗಾಳಿಗೆ ಎದುರಾದ ಮಗ್ಗುಲು ತೊಯ್ದು ಹೋಗುವಾಗ ಇನ್ನೊಂದು ಮಗ್ಗುಲಲ್ಲಿ ಹನಿ ಬೀಳದೇ ಇರಬಹುದು. ರಾಜಧಾನಿಯ ಮುನ್ಸೂಚನೆ ನೋಡಿ ಹೊರಡಬೇಡಿ, ಹತ್ತಿರದ ಹವಾಮಾನ ಕೇಂದ್ರದ ತಿಂಗಳವಾರು ಸರಾಸರಿ ನೋಡಿ.

ಹಕ್ಕಿ ನೋಡೋದಿದ್ರೆ, ಹಕ್ಕಿಪ್ರಿಯರು ಕಂಡದ್ದನ್ನ ದಾಖಲಿಸೋ ಜಾಲತಾಣ ಇ-ಬರ್ಡ್‌ನಲ್ಲಿ ಜಿಲ್ಲೆವಾರು ಪಟ್ಟಿಗಳಿವೆ. ಯಾವ ಹಕ್ಕಿ ಯಾವ ವಾರ ಕಾಣುತ್ತೆ ಅಂತ ತೋರಿಸ್ತವೆ. ನಕ್ಷತ್ರ ನೋಡೋದಿದ್ರೆ ಅಮಾವಾಸ್ಯೆ ಪ್ರವಾಸದ ನಡುವೆ ಬರೋ ಹಾಗೆ ದಿನ ಆರಿಸಿ.

ಇನ್ನೊಂದು, ಎಲ್ಲರೂ ಮರೆಯೋದು: ದೇಶಕ್ಕೆಲ್ಲ ಒಂದೇ ಗಡಿಯಾರ ಇದ್ರೂ ಸೂರ್ಯನಿಗಿಲ್ಲ. ರೇಖಾಂಶ ಒಂದು ಡಿಗ್ರಿ ಪೂರ್ವಕ್ಕೆ ಹೋದ್ರೆ 4 ನಿಮಿಷ ಬೇಗ ಕತ್ತಲಾಗುತ್ತೆ, ಹತ್ತು ಡಿಗ್ರಿಗೆ 40 ನಿಮಿಷ. ಸಂಜೆ ಇಳಿಯೋ ದಾರಿಯಲ್ಲಿ ಆ 40 ನಿಮಿಷ ಬಹಳ ದೊಡ್ಡದು.

ಏರುದಾರಿ

ನಕಾಶೆಪೆಟ್ಟಿಗೆಯವರ ನದಿ ಉಪಾಯ ಚೆನ್ನಾಗಿದೆ, ದಿಕ್ಕು ಮಾತ್ರ ಒಪ್ಪಲ್ಲ. ಮೂಲ 2,500 ಮೀಟರಿಗಿಂತ ಮೇಲಿದ್ರೆ ಮೊದಲ ದಿನವೇ ವಾಹನದಲ್ಲಿ ಅಲ್ಲಿಗೆ ಹೋಗಿ ಮಲಗೋದು ಅಪಾಯ, ಅಲ್ಲಿನ ತೆಳು ಗಾಳಿಗೆ ಮೈ ಒಗ್ಗಿರಲ್ಲ. ನಮ್ಮದೇ ದೇಶ, ಏನಾಗುತ್ತೆ ಅನ್ನೋ ಸಸಾರ ಬೇಡ, ಎತ್ತರಕ್ಕೆ ಅದು ಗೊತ್ತಾಗಲ್ಲ. ಅಳಿವೆಯಿಂದ ಮೇಲಕ್ಕೆ ಹೋಗಿ. 3,000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ. ತಲೆನೋವಿನ ಜೊತೆ ವಾಕರಿಕೆ ಬಂದ್ರೆ ಅಲ್ಲೇ ನಿಲ್ಲಿ, ಜಾಸ್ತಿಯಾದ್ರೆ ರಾತ್ರಿಯಾದ್ರೂ ಸರಿ, ಕೆಳಗಿಳೀರಿ.

ನಡಿಗೆಗೆ ನೈಸ್ಮಿತ್ ಸೂತ್ರ ಬಳಸಿ. 1892ರದ್ದು, ಈಗಲೂ ನಂಬಬಹುದು: 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿ.ಮೀ., 600 ಮೀಟರ್ ಏರು ಅಂದ್ರೆ 3 ಗಂಟೆ 24 ನಿಮಿಷ. ಇದರಲ್ಲಿ ನಿಂತು ನೋಡೋದು, ದಣಿವಾರಿಸೋದು ಸೇರಿಲ್ಲ. ಮೂರನೇ ಒಂದು ಪಾಲು ಸೇರಿಸಿದ್ರೆ ನಾಲ್ಕೂವರೆ ಗಂಟೆ, ನಿಮ್ಮ ಮಿತಿ ಅಲ್ಲಿಗೆ ಮುಗೀತು. 1:50,000 ನಕಾಶೆಯಲ್ಲಿ 2 ಸೆಂ.ಮೀ. ಅಂದ್ರೆ 1 ಕಿ.ಮೀ. ದಾರಿಯ ಮೇಲೆ ದಾರ ಇಟ್ಟು ಅಳೆಯಿರಿ. ಸ್ಕೇಲ್ ಇಟ್ಟರೆ ತಿರುವುಗಳೆಲ್ಲ ಬಿಟ್ಟುಹೋಗ್ತವೆ.

ರೂಮು ಬದಲಾಯಿಸೋ ಪ್ರತಿ ಸಲವೂ ಅರ್ಧ ದಿನ ಹೋಯ್ತು ಅಂತ ಬರ್ಕೊಳ್ಳಿ. ನಾಲ್ಕು ಕಡೆಗಿಂತ ಹೆಚ್ಚು ಬೇಡ.

ದಾರಿಹೋಕ

ಎಲ್ಲರಿಗೂ ಧನ್ಯವಾದ. ನೋಡಿಟ್ಟ ನದಿಯ ಮೂಲ 3,400 ಮೀಟರಿನಲ್ಲಿದೆ. ಮೇಲಕ್ಕೆ ಹೋದ್ರೆ ಕೊನೇ ದಿನ ಬೆಟ್ಟದಲ್ಲೇ ಇರ್ತೀವಲ್ಲ, ಗುಡ್ಡ ಕುಸಿದು ರಸ್ತೆ ಮುಚ್ಚಿದ್ರೆ?

ಏರುದಾರಿ

ಅದಕ್ಕೇ ಕೊನೇ ರಾತ್ರಿ ಬೆಟ್ಟದಲ್ಲಿ ಬೇಡ. 11 ರಾತ್ರಿಯನ್ನ ಹೀಗೆ ಹಂಚಿ: ಅಳಿವೆಯಲ್ಲಿ 3, ನಡುಪಾತ್ರದ ಪಟ್ಟಣದಲ್ಲಿ 3, 2,500 ಮೀಟರಿನಲ್ಲಿ 2, 3,000ದಲ್ಲಿ 2. ಮೂಲವನ್ನ ಹಗಲು ನೋಡಿ 3,000ಕ್ಕೇ ಇಳಿದು ಮಲಗಿ. ಉಳಿದ 1 ರಾತ್ರಿ ತಪ್ಪಲಿನಲ್ಲಿ, ವಾಪಸಾಗೋ ರೈಲು ಅಥವಾ ಬಸ್ಸಿನ ನಿಲ್ದಾಣದ ಹತ್ತಿರ. ಅದು ಐದನೇ ಜಾಗ ನಿಜ, ಆದ್ರೆ ರಸ್ತೆ ಮುಚ್ಚಿದ್ರೆ ಆ ರಾತ್ರಿಯೇ ಕೈಯಲ್ಲಿರೋ ಸಮಯ.

ನಕಾಶೆಪೆಟ್ಟಿಗೆ

3,400 ಆದ್ರೆ ಏರುದಾರಿಯವರು ಹೇಳಿದ್ದೇ ಸರಿ. ಮೂಲ 1,500 ಮೀಟರಿಗಿಂತ ಕೆಳಗಿದ್ರೆ ಮಾತ್ರ ನಾನು ಹೇಳಿದ ಹಾಗೆ ಇಳೀತಾ ಬನ್ನಿ.

ಎರಡು ಮಾತು ಸೇರಿಸ್ತೀನಿ. ನಕಾಶೆಯನ್ನ ಮನೆಯಲ್ಲೇ ಫೋನಿಗೆ ಇಳಿಸಿಟ್ಟು, ನೆಟ್‌ವರ್ಕ್ ಆಫ್ ಮಾಡಿ ತೆರೆಯುತ್ತಾ ಅಂತ ಪರೀಕ್ಷಿಸಿ. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲ, ನಕಾಶೆಯ ಚಿತ್ರ ಫೋನಿನಲ್ಲಿದ್ರೆ ಸಾಕು. ಇನ್ನು ವಿಮೆ: ವಿದೇಶಕ್ಕಾದ್ರೆ ಮರೆಯದೆ ಮಾಡಿಸ್ತೀವಿ, ಸ್ವಂತ ದೇಶಕ್ಕೆ ಆರೋಗ್ಯ ವಿಮೆ ಇದೆಯಲ್ಲ ಅಂತ ಸುಮ್ಮನಿರ್ತೀವಿ. ಆಸ್ಪತ್ರೆ ಖರ್ಚು ಕೊಡೋ ಪಾಲಿಸಿ ಬೆಟ್ಟದಿಂದ ಹೊತ್ತು ತರೋ ಖರ್ಚನ್ನೂ ಕೊಡುತ್ತೆ ಅಂತೇನಿಲ್ಲ. ‘ರಕ್ಷಣಾ ವೆಚ್ಚ’ ಅನ್ನೋ ಸಾಲು ಇದೆಯಾ, ಎಷ್ಟು ಎತ್ತರದವರೆಗೆ ಅನ್ವಯ ಅಂತ ಓದಿಯೇ ಹೊರಡಿ.